ತಂಬೂರಿ ಎಲ್ಲಿ ಹೋಯ್ತು?

ಶನಿವಾರ ಬೆಳಿಗ್ಗೆ ಏಳೂವರೆಗೆ ನಮ್ಮನೇಲಿ ಸರಳೆ ವರಸೆ ಶುರುವಾಗುತ್ತೆ. ಅಮ್ಮ ಮೂವತ್ತು ವರ್ಷದಿಂದ ಹನುಮಂತನಗರದ ಇದೇ ಮನೆ ಹಾಲ್‌ನಲ್ಲಿ ಚಾಪೆ ಹಾಸ್ಕೊಂಡು ಸಂಗೀತ ಪಾಠ ಹೇಳ್ತಿದ್ರು, 2020ರ ಲಾಕ್‌ಡೌನ್‌ನಲ್ಲಿ ಚಾಪೆ ಸುತ್ತಿಟ್ಟು ಲ್ಯಾಪ್‌ಟಾಪ್ ಮುಂದೆ ಕೂತ್ರು, ಆಮೇಲೆ ಲಾಕ್‌ಡೌನ್ ಮುಗಿದು ಚಾಪೆ ವಾಪಸ್ ಬಂತು ಆದ್ರೆ ಲ್ಯಾಪ್‌ಟಾಪ್ ಹೋಗ್ಲಿಲ್ಲ, ಯಾಕಂದ್ರೆ ಅಷ್ಟೊತ್ತಿಗೆ ಅಮ್ಮನ ಹಳೇ ಶಿಷ್ಯೆಯರ ಮಕ್ಕಳು ಕ್ಯಾಲಿಫೋರ್ನಿಯಾದಿಂದ ಪಾಠಕ್ಕೆ ಸೇರ್ಕೊಂಡಾಗಿತ್ತು. ಇಲ್ಲಿ ಶನಿವಾರ ಬೆಳಿಗ್ಗೆ ಅಂದ್ರೆ ಅಲ್ಲಿ ಶುಕ್ರವಾರ ಸಂಜೆ, ಮಕ್ಕಳು ಸ್ಕೂಲಿಂದ ಬಂದು ತಿಂಡಿ ತಿಂದು ಕೂತಿರ್ತಾರೆ.

ಒಂದಿನ ಒಂದು ಮಗು ಪ್ರತಿ ಸಾಲಿಗೂ ಸ್ವಲ್ಪ ಸ್ವಲ್ಪ ಕೆಳಗೆ ಜಾರ್ತಾ ಇತ್ತು. ಷಡ್ಜ, ಅಂದ್ರೆ ಸ, ಸರಿಯಾಗೇ ಹಿಡಿಯುತ್ತೆ, ಮೇಲೆ ಹೋಗಿ ವಾಪಸ್ ಬರೋ ಹೊತ್ತಿಗೆ ಷಡ್ಜ ಬೇರೆ ಜಾಗದಲ್ಲಿರುತ್ತೆ. ಅಮ್ಮ ಮೂರು ಸಲ ತಿದ್ದಿದ್ರು, ನಾಲ್ಕನೇ ಸಲ "ಪುಟ್ಟಿ, ತಂಬೂರಿ ಕೇಳಿಸ್ಕೊಂಡು ಹಾಡಮ್ಮ" ಅಂದ್ರು. ಆ ಕಡೆಯಿಂದ ಬಂತು ಉತ್ತರ: "ತಂಬೂರಿ ಎಲ್ಲಿದೆ ಅಜ್ಜಿ? ನೀವು ಹಾಕೇ ಇಲ್ವಲ್ಲ."

ಎಲೆಕ್ಟ್ರಾನಿಕ್ ತಂಬೂರಿ ಪೆಟ್ಟಿಗೆ ಲ್ಯಾಪ್‌ಟಾಪಿಂದ ಒಂದು ಗೇಣು ದೂರದಲ್ಲಿ ಜೋರಾಗೇ ಹಾಡ್ತಿತ್ತು.

ನಾನು ಒಳಗಿನ ರೂಮಿಗೆ ಹೋಗಿ ನನ್ನ ಲ್ಯಾಪ್‌ಟಾಪಿಂದ ಅದೇ ಪಾಠಕ್ಕೆ ಸೇರ್ಕೊಂಡು ಇಯರ್‌ಫೋನ್ ಹಾಕಿ ಕೇಳಿದೆ. ಮೊದಲ ಒಂದೆರಡು ಸೆಕೆಂಡ್ ತಂಬೂರಿ ಬರುತ್ತೆ, ಆಮೇಲೆ ಯಾರೋ ನಿಧಾನಕ್ಕೆ ವಾಲ್ಯೂಮ್ ತಿರುಗಿಸಿದ ಹಾಗೆ ಕರಗಿ ಹೋಗುತ್ತೆ. ಅಮ್ಮ ಹಾಡಿದಾಗ ಅವರ ದನಿ ಹಿಂದೆ ಮಬ್ಬು ಮಬ್ಬಾಗಿ ಒಂಚೂರು ಬಂದು, ಅಮ್ಮ ನಿಲ್ಲಿಸಿದ ತಕ್ಷಣ ಮತ್ತೆ ಇಲ್ಲ. ಮಗು ಹಾಡ್ಬೇಕಾಗಿರೋದು ಅಮ್ಮ ನಿಲ್ಲಿಸಿದಾಗಲೇ ಅಲ್ವಾ. ಅಂದ್ರೆ ಸರಿಯಾಗಿ ಶ್ರುತಿ ಬೇಕಾದ ಹೊತ್ತಲ್ಲಿ ಶ್ರುತಿ ಇಲ್ಲ.

ಆಗಿದ್ದು ಏನಂದ್ರೆ, ಕಾಲ್ ಮಾಡೋ ಆಪ್‌ಗಳಲ್ಲಿ ನಾಯ್ಸ್ ಸಪ್ರೆಶನ್ ಅಂತ ಒಂದಿರುತ್ತೆ. ಮಾತು ಅನ್ನೋದು ಏರುತ್ತೆ, ಇಳಿಯುತ್ತೆ, ಮಧ್ಯೆ ಮಧ್ಯೆ ನಿಲ್ಲುತ್ತೆ, ಹಾಗಾಗಿ ಏರದೆ ಇಳಿಯದೆ ಒಂದೇ ಸಮ ಬರ್ತಾ ಇರೋದು ಯಾವುದಿದ್ಯೋ ಅದು ಫ್ಯಾನು, ಏಸಿ, ಪಕ್ಕದ ಬಿಲ್ಡಿಂಗ್ ಜನರೇಟರ್ರು, ತೆಗೆದು ಹಾಕು ಅನ್ನೋದು ಅದರ ಹಳೇ ಲೆಕ್ಕ. ಈಗಿನವು ಮನುಷ್ಯರ ಮಾತನ್ನ ರಾಶಿಗಟ್ಲೆ ಕೇಳಿಸಿ ಕಲಿಸಿದ ಮಾಡೆಲ್‌ಗಳು, ಅವಕ್ಕೆ ಮಾತು ಒಂದು ಬಿಟ್ರೆ ಉಳಿದಿದ್ದೆಲ್ಲ ಕಸ. ಏರದೆ ಇಳಿಯದೆ ಇರೋದೇ ತಂಬೂರಿ ಕೆಲಸ, ಅದು ಹಾಗಿರೋದಕ್ಕೇ ಅದನ್ನ ನಂಬಿ ಹಾಡೋದು. ಎಚ್‌ಎಎಲ್‌ನಲ್ಲಿ ಇಂಜಿನಿಯರ್ ಆಗಿದ್ದ ಕೊಳಲು ವಾದಕ ಜಿ. ರಾಜ್ ನಾರಾಯಣ್ ಅವರು ರಾಡೆಲ್ ಕಂಪನಿ ಶುರುಮಾಡಿ ಎಲೆಕ್ಟ್ರಾನಿಕ್ ತಂಬೂರಿ ತಂದಿದ್ದು ನಮ್ಮ ಬೆಂಗಳೂರಲ್ಲೇ, ಮರದ ತಂಬೂರಿ ಮೀಟೋಕೆ ಇನ್ನೊಬ್ರು ಸಿಗದ ಮನೆಗಳಲ್ಲೂ ಶ್ರುತಿ ಕೂತ್ಕೊಳ್ತು. ಅಂಥ ಊರಲ್ಲಿ ಕೂತು ಪಾಠ ಹೇಳೋರ ಮೈಕ್‌ನಿಂದ ತಂಬೂರೀನೇ ಕಸ ಅಂತ ಗುಡಿಸಿ ಹೋಗುತ್ತೆ ಅಂದ್ರೆ ನನಗೆ ಸಂಕಟ ಆಯ್ತು.

ಮೈಕಿಗೆ ಬಿದ್ದ ಸದ್ದಲ್ಲಿ ಯಾವುದನ್ನ ಇಟ್ಕೋಬೇಕು ಯಾವುದನ್ನ ಬಿಡ್ಬೇಕು ಅಂತ ತೀರ್ಮಾನ ಮಾಡೋರು ಯಾರು? ಹಾಡೋರಾ, ಆಪ್ ಬರೆದೋರಾ, ಇಲ್ಲಾ ಕಂಪ್ಯೂಟರನ್ನ ನಡೆಸೋ ಮೂಲ ಸಾಫ್ಟ್‌ವೇರ್ ಆದ ಆಪರೇಟಿಂಗ್ ಸಿಸ್ಟಮ್ಮಾ? ನಮ್ಮನೇಲಿ ಮೂರು ಥರದ ಆಪರೇಟಿಂಗ್ ಸಿಸ್ಟಮ್ ಇವೆ, ಅಮ್ಮನ ಲ್ಯಾಪ್‌ಟಾಪಲ್ಲಿ ವಿಂಡೋಸ್, ನಂದರಲ್ಲಿ ಲಿನಕ್ಸ್, ತಂಗಿ ಮದುವೆ ಆಗಿ ಹೋಗೋವಾಗ ಬಿಟ್ಟು ಹೋದ ಒಂದು ಮ್ಯಾಕ್. ಸುಮಾರು ಒಂದು ವರ್ಷ ಮೂರನ್ನೂ ಪಕ್ಕ ಪಕ್ಕ ಇಟ್ಕೊಂಡು ನೋಡಿದೀನಿ.

ಮೊದಲು ಕಾಲದ ವಿಷಯ, ಅಂದ್ರೆ ಸದ್ದು ಎಷ್ಟು ತಡವಾಗಿ ತಲುಪುತ್ತೆ ಅನ್ನೋದು. ಕಂಪ್ಯೂಟರ್ ಸದ್ದನ್ನ ನಲ್ಲಿ ನೀರಿನ ಹಾಗೆ ಒಂದೇ ಧಾರೆಯಾಗಿ ಕಳಿಸಲ್ಲ, ಕೊಡದಲ್ಲಿ ತುಂಬಿ ತುಂಬಿ ಕಳಿಸುತ್ತೆ. ಆ ಕೊಡಕ್ಕೆ ಬಫರ್ ಅಂತ ಹೆಸರು. ಸದ್ದಿನ ಒಂದೊಂದು ಅಳತೆಗೂ ಸ್ಯಾಂಪಲ್ ಅಂತಾರೆ, ಸೆಕೆಂಡಿಗೆ 48,000 ಸ್ಯಾಂಪಲ್ ಲೆಕ್ಕದಲ್ಲಿ 1024 ಸ್ಯಾಂಪಲ್ ಹಿಡಿಯೋ ಕೊಡ ಅಂದ್ರೆ 21 ಮಿಲಿಸೆಕೆಂಡ್ ಚಿಲ್ಲರೆ, 128ರ ಕೊಡ ಅಂದ್ರೆ 2.7 ಮಿಲಿಸೆಕೆಂಡ್. ಕೊಡ ದೊಡ್ಡದಾದ್ರೆ ತಡ ಜಾಸ್ತಿ, ಚಿಕ್ಕದಾದ್ರೆ ಓಡಾಟ ಜಾಸ್ತಿ, ಹೊರೋನು ದಾರೀಲಿ ಒಂದು ಗಳಿಗೆ ನಿಂತರೂ ಈ ಕಡೆ ತೊಟ್ಟಿ ಬರಿದಾಗಿ "ಟಕ್" ಅಂತ ಸದ್ದು ಬರುತ್ತೆ. ಹಾಡೋರ ಲೆಕ್ಕದಲ್ಲಿ ಹೇಳ್ಬೇಕಂದ್ರೆ, ಗಾಳೀಲಿ ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತೆ, ಕಛೇರೀಲಿ ಮೃದಂಗದೋರು ಗಾಯಕರಿಂದ ಎರಡು ಮೀಟರ್ ದೂರ ಕೂತಿದ್ರೆ ಅವರಿಬ್ಬರ ಮಧ್ಯೆ ಆಗ್ಲೇ ಆರು ಮಿಲಿಸೆಕೆಂಡ್ ಇದೆ, ಅದು ಯಾರಿಗೂ ತೊಂದರೆ ಕೊಟ್ಟಿಲ್ಲ. 10 ಮಿಲಿಸೆಕೆಂಡ್ ಅಂದ್ರೆ ಸುಮಾರು ಮೂರೂವರೆ ಮೀಟರ್, ಪರವಾಗಿಲ್ಲ. 100 ಅಂದ್ರೆ ಮೃದಂಗದೋರನ್ನ 34 ಮೀಟರ್ ದೂರ, ಬೀದಿ ಕೊನೇಲಿ ಕೂರಿಸಿದ ಹಾಗೆ.

ವಿಂಡೋಸ್‌ನಲ್ಲಿ ಈ ಕೊಡದ ಕಥೆ ಉದ್ದ ಇದೆ. ಎಕ್ಸ್‌ಪಿ ಕಾಲದಲ್ಲಿ ಎಲ್ಲ ಆಪ್‌ಗಳ ಸದ್ದನ್ನ ಸೇರಿಸೋ ಕೆಲಸ ಕೆ-ಮಿಕ್ಸರ್ ಅಂತ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಒಳಗೇ ಇದ್ದ ಒಂದು ಭಾಗ ಮಾಡ್ತಿತ್ತು, ಅದೊಂದೇ ಸುಮಾರು 30 ಮಿಲಿಸೆಕೆಂಡ್ ತಿಂತಿತ್ತು. ಸಂಗೀತ ಮಾಡೋರಿಗೆ ಅದು ಸಾಕಾಗ್ಲಿಲ್ಲ, ಹಾಗಾಗಿ ಸ್ಟೈನ್‌ಬರ್ಗ್ ಅನ್ನೋ ಜರ್ಮನ್ ಕಂಪನಿ 1997ರಲ್ಲಿ ತಂದ ಎಸಿಯೋ ಅನ್ನೋ ಅಡ್ಡದಾರಿ, ಅಂದ್ರೆ ವಿಂಡೋಸ್ ಮಿಕ್ಸರ್ರನ್ನೇ ಬಿಟ್ಟು ನೇರ ಸೌಂಡ್ ಕಾರ್ಡಿಗೆ ಹೋಗೋ ದಾರಿ, ಸ್ಟುಡಿಯೋಗಳಲ್ಲಿ ರಾಜಬೀದಿ ಆಯ್ತು, ಇವತ್ತಿಗೂ ಹಾಗೇ ಇದೆ. 2007ರ ವಿಸ್ಟಾದಲ್ಲಿ ಮೈಕ್ರೋಸಾಫ್ಟ್ ಆಡಿಯೋ ಪೂರ್ತಿ ಬಿಚ್ಚಿ ಮತ್ತೆ ಕಟ್ತು, ಮಿಕ್ಸರ್ ಕರ್ನಲ್‌ನಿಂದ ಆಚೆ ಬಂತು, ಒಂದೊಂದು ಆಪಿಗೂ ಬೇರೆ ಬೇರೆ ವಾಲ್ಯೂಮ್ ಬಂತು. ವಿಸ್ಟಾನ ಬೈಯೋದೇ ಎಲ್ಲರಿಗೂ ಅಭ್ಯಾಸ ಆದ್ರೆ ಆಡಿಯೋ ವಿಷಯದಲ್ಲಿ ಅದು ಮಾಡಿದ ಕೆಲಸಕ್ಕೆ ನಾನು ಮರ್ಯಾದೆ ಕೊಡ್ತೀನಿ, ಇವತ್ತಿನ ವಿಂಡೋಸ್ ನಿಂತಿರೋದು ಅದೇ ಪಾಯದ ಮೇಲೆ. ಅದರಲ್ಲಿ ಎರಡು ರೀತಿ ಇದೆ, ಎಲ್ಲರ ಜೊತೆ ಹಂಚ್ಕೊಂಡು ಹೋಗೋದು ಒಂದು, ಒಬ್ಬರೇ ಇಡೀ ಸೌಂಡ್ ಕಾರ್ಡ್ ಹಿಡ್ಕೊಳ್ಳೋದು ಇನ್ನೊಂದು. ಹಿಡ್ಕೊಂಡೋರಿಗೆ ತಡ ಕಡಿಮೆ, ಬೇರೆ ಎಲ್ಲರ ಬಾಯಿ ಬಂದ್.

ಅಮ್ಮನ ಪಾಠಕ್ಕೆ ಮುಖ್ಯವಾಗಿದ್ದು ಬೇರೆ ಒಂದು ವಿಷಯ. ವಿಂಡೋಸ್‌ನ ಸೌಂಡ್ ಸೆಟ್ಟಿಂಗ್‌ನಲ್ಲಿ ಕಮ್ಯುನಿಕೇಶನ್ಸ್ ಅಂತ ಒಂದು ಟ್ಯಾಬ್ ಇದೆ, ಯಾರಾದ್ರೂ ಕಾಲ್ ಶುರು ಮಾಡಿದ್ರೆ ಉಳಿದ ಆಪ್‌ಗಳ ಸದ್ದನ್ನ 80% ತಗ್ಗಿಸು ಅಂತ ಅದರಲ್ಲಿ ಮೊದಲೇ ಆರಿಸಿಟ್ಟಿರುತ್ತೆ. ಆಫೀಸ್ ಕಾಲ್ ಬಂದಾಗ ಹಿಂದೆ ಓಡ್ತಿರೋ ಹಾಡು ತಗ್ಗಲಿ ಅನ್ನೋದು ಒಳ್ಳೇ ಯೋಚನೇನೇ. ಆದ್ರೆ ಪೆಟ್ಟಿಗೆ ಬದಲು ತಂಬೂರಿ ಆಪ್‌ನ ಅದೇ ಲ್ಯಾಪ್‌ಟಾಪಲ್ಲಿ ಹಾಕ್ಕೊಂಡು ಕಾಲ್‌ನಲ್ಲಿ ಪಾಠ ಹೇಳೋರು ಎಷ್ಟು ಜನ ಇದಾರೆ, ಅವರ ತಂಬೂರಿ ಐದರಲ್ಲಿ ಒಂದು ಪಾಲಿಗೆ ಇಳಿದುಬಿಡುತ್ತೆ. "ಏನೂ ಮಾಡಬೇಡ" ಅನ್ನೋ ಆಯ್ಕೆ ಕೆಳಗಡೆನೇ ಇದೆ, ಇದನ್ನ ಓದ್ತಿರೋ ಸಂಗೀತದ ಟೀಚರ್‌ಗಳು ದಯವಿಟ್ಟು ಇವತ್ತೇ ಹೋಗಿ ಅದನ್ನ ಒತ್ತಿ. ಹಾಗೇ ಮೈಕಿನ ಪ್ರಾಪರ್ಟೀಸ್‌ನಲ್ಲಿ ಎನ್‌ಹಾನ್ಸ್‌ಮೆಂಟ್ಸ್ ಅಂತ ಇದ್ರೆ ಆಫ್ ಮಾಡಿ, ಅದು ಸೌಂಡ್ ಕಾರ್ಡ್ ಮಾಡೋರು ಮಧ್ಯೆ ಸೇರಿಸೋ ಸಂಸ್ಕರಣೆ, ಅದಕ್ಕೂ ಮಾತೇ ದೇವರು.

ಮ್ಯಾಕ್‌ನಲ್ಲಿ ಇಷ್ಟು ಪದರ ಇಲ್ಲ. 2001ರಲ್ಲಿ ಮ್ಯಾಕ್ ಓಎಸ್ ಟೆನ್ ಜೊತೆ ಬಂದ ಕೋರ್ ಆಡಿಯೋ ಒಂದೇ ದಾರಿ, ಸಿನಿಮಾ ನೋಡೋರಿಗೂ ಸ್ಟುಡಿಯೋದೋರಿಗೂ ಅದೇ, ಸದ್ದೆಲ್ಲ 32 ಬಿಟ್ ಫ್ಲೋಟ್ ಅನ್ನೋ ಒಂದೇ ಥರದ ಅಂಕೆಗಳಲ್ಲಿ, ಆಡಿಯೋ ಹೊರೋ ಕೆಲಸಕ್ಕೆ ಆಂಬುಲೆನ್ಸ್‌ಗೆ ಬಿಟ್ಟ ಹಾಗೆ ಮೊದಲು ದಾರಿ. ತಂಗಿ ಬಿಟ್ಟು ಹೋದ ಮೆಷೀನ್‌ನಲ್ಲಿ ಡ್ರೈವರ್ (ಸೌಂಡ್ ಕಾರ್ಡ್ ಜೊತೆ ಮಾತಾಡೋ ಸಾಫ್ಟ್‌ವೇರ್) ಬೇರೆ ಹಾಕ್ದೆನೇ 128 ಸ್ಯಾಂಪಲ್‌ಗೆ ಇಳಿಸಿ ವರ್ಣ ರೆಕಾರ್ಡ್ ಮಾಡಿದೀನಿ, ಒಂದು ಟಕ್ ಬರ್ಲಿಲ್ಲ. ವಿಂಡೋಸ್‌ನಲ್ಲಿ 2007ರಿಂದ ಇರೋ ಆಪಿಗೊಂದು ವಾಲ್ಯೂಮ್ ಅನ್ನೋದು ಮಾತ್ರ ಮ್ಯಾಕ್ ತಾನಾಗಿ ಕೊಡೋದೇ ಇಲ್ಲ, ಒಂದು ಆಪಿನ ಸದ್ದನ್ನ ಇನ್ನೊಂದಕ್ಕೆ ಕಳಿಸ್ಬೇಕಂದ್ರೂ ಬ್ಲಾಕ್‌ಹೋಲ್ ಥರದ ಹೊರಗಿನ ಡ್ರೈವರ್ ಬೇಕು. ಕಟ್ಟಿಕೊಟ್ಟ ಮನೆ ಬಹಳ ಚೆನ್ನಾಗಿದೆ, ಗೋಡೆಗೆ ಮೊಳೆ ಹೊಡೆಯೋಕೆ ಮಾತ್ರ ಓನರ್‌ನ ಕೇಳ್ಬೇಕು.

ಆದ್ರೆ ನನ್ನ ಪ್ರಶ್ನೆಗೆ ಅತ್ಯಂತ ನೇರ ಉತ್ತರ ಸಿಕ್ಕಿದ್ದೂ ಅಲ್ಲೇ. 2021ರ ಮಾಂಟೆರೆ ಅನ್ನೋ ಮ್ಯಾಕ್ ಆವೃತ್ತಿಯಲ್ಲಿ ಮೈಕ್ ಮೋಡ್ ಅಂತ ತಂದ್ರು. ಕಾಲ್‌ನಲ್ಲಿದ್ದಾಗ ಮೇಲಿನ ಮೆನು ಬಾರ್‌ನಲ್ಲಿ, ಬರೀ ಮಾತನ್ನ ಉಳಿಸು ಅಂತಾನೂ ಹೇಳ್ಬಹುದು, ಸುತ್ತ ಇರೋ ಸದ್ದೆಲ್ಲ ಇರಲಿ ಅಂತಾನೂ ಹೇಳ್ಬಹುದು. ಎಲ್ಲ ಮ್ಯಾಕ್‌ನಲ್ಲೂ ಬರಲ್ಲ, ಎಲ್ಲ ಆಪಲ್ಲೂ ಬರಲ್ಲ, ಆದ್ರೂ ಕೇಳಿದ್ದು ಯಾರನ್ನ ನೋಡಿ, ಮೈಕ್ ಮುಂದೆ ಕೂತೋರನ್ನ. ವಿಂಡೋಸ್ಸು ಆಂಡ್ರಾಯ್ಡು ಎರಡರಲ್ಲೂ ಇದು ಮಾತು, ಇದು ಸಂಗೀತ ಅಂತ ಸದ್ದಿಗೆ ಚೀಟಿ ಅಂಟಿಸೋ ವ್ಯವಸ್ಥೆ ಇದ್ದೇ ಇದೆ, ಆದ್ರೆ ಆ ಚೀಟಿ ಅಂಟಿಸೋದು ಆಪ್ ಬರೆದೋರು. ಕಾಲ್ ಆಪ್ ಬರೆದೋರು "ಮಾತು" ಅಂತ ಅಂಟಿಸ್ತಾರೆ, ಅವರ ತಪ್ಪೂ ಅಲ್ಲ, ಅಮ್ಮನ ಪಾಠ ಅವರ ಕಣ್ಣಿಗೆ ಬಿದ್ದಿಲ್ಲ ಅಷ್ಟೇ.

ಇನ್ನು ಲಿನಕ್ಸ್. ಇದರ ಬಗ್ಗೆ ಪ್ರೀತಿ ಜಾಸ್ತಿ ಇರೋದ್ರಿಂದ ಸ್ವಲ್ಪ ಜಾಸ್ತಿನೇ ಬರೀತೀನಿ.

ಶುರುವಲ್ಲಿ ಓಎಸ್‌ಎಸ್ ಅಂತ ಇತ್ತು, ಸೌಂಡ್ ಕಾರ್ಡ್ ಅನ್ನೋದು ಒಂದು ಫೈಲ್, ಆ ಫೈಲಿಗೆ ಬರೆದ್ರೆ ಸದ್ದು ಬರುತ್ತೆ. ಎಷ್ಟು ಸರಳ ಅಂದ್ರೆ ನನಗೆ ಇವತ್ತಿಗೂ ಆ ಯೋಚನೆ ಇಷ್ಟ. ಆದ್ರೆ ಸಾಮಾನ್ಯ ಕಾರ್ಡ್‌ಗಳಲ್ಲಿ ಒಂದು ಪ್ರೋಗ್ರಾಮ್ ಅದನ್ನ ತೆಗೆದು ಕೂತ್ರೆ ಇನ್ನೊಂದು ಬಾಗಿಲಲ್ಲೇ ಕಾಯ್ಬೇಕಿತ್ತು. 2003ರ ಕೊನೇಲಿ ಬಂದ 2.6 ಕರ್ನಲ್ ಜೊತೆ ಅಲ್ಸಾ ಆ ಜಾಗಕ್ಕೆ ಬಂತು. ಅದರ ಮೇಲೆ ಎಲ್ಲರ ಸದ್ದು ಸೇರಿಸೋಕೆ ಲೆನಾರ್ಟ್ ಪೊಯೆಟರಿಂಗ್ ಪಲ್ಸ್‌ಆಡಿಯೋ ಬರೆದ್ರು, 2007ರಲ್ಲಿ ಫೆಡೋರಾ 8, 2008ರಲ್ಲಿ ಉಬುಂಟು 8.04 ಅನ್ನೋ ಲಿನಕ್ಸ್ ಆವೃತ್ತಿಗಳು ಅದನ್ನ ಹಾಕ್ಕೊಂಡ್ವು. ಆ ವರ್ಷಗಳಲ್ಲಿ ಲಿನಕ್ಸ್ ಬಳಸ್ತಿದ್ದೋರಿಗೆ ನೆನಪಿರುತ್ತೆ, ಹಾಡು ಹಾಕಿದ್ರೆ ಅರ್ಧದಲ್ಲಿ ನಿಂತು ಹೋಗೋದು, ಯಾವ ಡ್ರೈವರ್ ಏನು ಮಾಡ್ತಿದೆ ತಿಳಿಯೋದಿಲ್ಲ, ರಾತ್ರಿ ಎರಡು ಗಂಟೆವರೆಗೂ ಕಾನ್ಫಿಗ್ ಫೈಲ್ ತಿದ್ದೋದು. ಹಳೇ ಡ್ರೈವರ್‌ಗಳಲ್ಲಿ ಯಾರೂ ಮುಟ್ಟದೆ ಬಿಟ್ಟಿದ್ದ ಮೂಲೆಗಳನ್ನೆಲ್ಲ ಪಲ್ಸ್ ಮುಟ್ತು, ಅಲ್ಲಿದ್ದ ಬಗ್‌ಗಳೆಲ್ಲ ಆಚೆ ಬಂದ್ವು, ಬೈಸ್ಕೊಂಡಿದ್ದು ಮಾತ್ರ ಪಲ್ಸ್.

ಇನ್ನೊಂದು ಕಡೆ ಸಂಗೀತದೋರಿಗೆ ಅಂತಾನೇ ಪಾಲ್ ಡೇವಿಸ್ ಬರೆದ ಜ್ಯಾಕ್ ಇತ್ತು. ಅದು ಪೂರಾ ಬೇರೆ ಲೋಕ. ಎಲ್ಲ ಪ್ರೋಗ್ರಾಮ್‌ಗಳೂ ಒಂದೇ ತಾಳಕ್ಕೆ ಕೂರ್ಬೇಕು, ಒಂದೇ ಸ್ಯಾಂಪಲ್ ರೇಟು, ಒಂದೇ ಬಫರ್ರು, ಯಾರ ಸದ್ದು ಯಾರಿಗೆ ಹೋಗ್ಬೇಕು ಅಂತ ನೀವೇ ತಂತಿ ಎಳೀಬೇಕು. ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿಗೆ ಹೋದೋರು ನೋಡಿರ್ತೀರ, ವೇದಿಕೆ ಮೇಲಿಂದ ವಿದ್ವಾಂಸರು ತಂಬೂರಿ ಕಡೆ ಬೆರಳು ತೋರಿಸಿ ಆಮೇಲೆ ಮುಂದಿರೋ ಮಾನಿಟರ್ ಕಡೆ ತೋರಿಸಿ ಸ್ವಲ್ಪ ಜಾಸ್ತಿ ಅಂತ ಕೈ ಎತ್ತುತ್ತಾರೆ, ಮೈಕ್‌ನೋರು ಒಂದು ನಾಬ್ ತಿರುಗಿಸ್ತಾರೆ, ವೇದಿಕೆಗೆ ಮಾತ್ರ ತಂಬೂರಿ ಏರುತ್ತೆ. ಜ್ಯಾಕ್ ಅಂದ್ರೆ ಆ ಮೈಕ್‌ನೋರ ಮೇಜು. ಆದ್ರೆ ಜ್ಯಾಕ್ ಹಾಕ್ಕೊಂಡ್ರೆ ಬ್ರೌಸರ್ ಮೂಕ, ಪಲ್ಸ್ ಹಾಕ್ಕೊಂಡ್ರೆ ಈ ಮೇಜಿಲ್ಲ, ಎರಡನ್ನೂ ಒಟ್ಟಿಗೆ ಬಾಳಿಸೋದು ದೊಡ್ಡ ಸಾಹಸ.

ಈ ಎರಡು ಮನೆ ಒಂದು ಮಾಡಿದ್ದು ವಿಮ್ ಟೇಮನ್ಸ್ ಬರೆದ ಪೈಪ್‌ವೈರ್. ಶುರು ಆಗಿದ್ದು ಆಡಿಯೋಗಲ್ಲ, ವಿಡಿಯೋ ಹಂಚೋಕೆ. ಆಮೇಲೆ ಅದೇ ಪ್ರೋಗ್ರಾಮು ಪಲ್ಸ್ ಭಾಷೆನೂ ಮಾತಾಡ್ತು, ಜ್ಯಾಕ್ ಭಾಷೆನೂ ಮಾತಾಡ್ತು, 2021ರ ಏಪ್ರಿಲ್‌ನಲ್ಲಿ ಫೆಡೋರಾ 34 ಅದನ್ನ ಡೀಫಾಲ್ಟ್ ಮಾಡ್ಕೊಳ್ತು, ಈಗ ಬಹುತೇಕ ಎಲ್ಲ ಕಡೆ ಅದೇ. ನಾನು ಮೊದಲ ಸಲ ಅದರ ನಕ್ಷೆ ತೆಗೆದು ನೋಡಿದಾಗ ತಂಬೂರಿ ಆಪ್ ಒಂದು ಡಬ್ಬಿ, ಮೈಕ್ ಒಂದು ಡಬ್ಬಿ, ಕಾಲ್ ಆಪ್ ಒಂದು ಡಬ್ಬಿ. ತಂಬೂರಿಯಿಂದ ಕಾಲ್ ಆಪಿಗೆ ಮೌಸ್‌ನಲ್ಲಿ ಒಂದು ತಂತಿ ಎಳೆದೆ. ಅಷ್ಟೇ. ಗಾಳಿಗೂ ಹೋಗದೆ ಸ್ಪೀಕರಿಂದ ಮೈಕಿಗೂ ಬರದೆ ಅಮ್ಮನ ದನಿ ಜೊತೆ ನೇರ ಸೇರ್ಕೊಳ್ತು. ಬೇರೆ ಎರಡು ಸಿಸ್ಟಮ್‌ನಲ್ಲಿ ಹೊರಗಿಂದ ಏನಾದ್ರೂ ತಂದು ಹಾಕ್ದೆ ಇದು ಆಗಲ್ಲ. ಕಾಲ್ ಆಪಿನ ಒಳಗೆ ಸಪ್ರೆಶನ್ ಆನ್ ಇದ್ರೆ ಆಮೇಲೂ ಅದು ತಿನ್ನುತ್ತೆ ಅನ್ನೋದು ನಿಜ, ಅದನ್ನ ಆಪಲ್ಲೇ ಆಫ್ ಮಾಡ್ಬೇಕು.

ಜನವರಿಯ ತ್ಯಾಗರಾಜರ ಆರಾಧನೆಗೆ ಮನೇಲಿ ಪಂಚರತ್ನ ಹಾಡ್ತೀವಿ, ಹೋದ ವರ್ಷ ಎರಡು ಯುಎಸ್‌ಬಿ ಮೈಕ್ ಇಟ್ಟು ಎರಡು ಬೇರೆ ಮೆಷೀನಲ್ಲಿ ರೆಕಾರ್ಡ್ ಮಾಡಿದೆ. ನಾಟ ರಾಗದ ಹೊತ್ತಿಗೆ ಎರಡೂ ಸರಿಯಾಗಿ ಕೂತಿದ್ವು, ಶ್ರೀ ರಾಗ ಬರೋ ಹೊತ್ತಿಗೆ ತಾಳದ ಪೆಟ್ಟು ಎರಡೆರಡು ಸಲ ಕೇಳ್ತಿತ್ತು. ಎರಡು ಮೈಕಿಗೂ ಅದರದರದೇ ಗಡಿಯಾರ ಇರುತ್ತೆ, ಎರಡಕ್ಕೂ ಹತ್ತು ಲಕ್ಷದಲ್ಲಿ 50ರಷ್ಟು ವ್ಯತ್ಯಾಸ ಇದ್ರೆ ಒಂದು ಗಂಟೇಲಿ 0.18 ಸೆಕೆಂಡ್ ಆಚೆ ಈಚೆ ಆಗುತ್ತೆ. ಅದೇ ವ್ಯತ್ಯಾಸ ಶ್ರುತಿಗೆ ಏನು ಮಾಡುತ್ತೆ ಅಂತ ಲೆಕ್ಕ ಹಾಕಿ ನೋಡಿದೆ, ಅಮ್ಮನ ಶ್ರುತಿ ಐದು ಮನೆ, ಅದರ ಷಡ್ಜ 196 ಹರ್ಟ್ಸ್ ಅಂತಿಟ್ಕೊಂಡ್ರೆ ಎರಡು ತಂಬೂರಿ ಮಧ್ಯೆ ಸುಮಾರು ನೂರು ಸೆಕೆಂಡಿಗೆ ಒಂದು ಸಲ ಸದ್ದು ಏರಿ ಇಳಿಯೋ ಅಲೆ, ಅಮ್ಮನ ಕಿವಿಗೂ ಸಿಗಲ್ಲ. ಶ್ರುತಿ ಮಾತಾ ಲಯ ಪಿತಾ ಅಂತಾರಲ್ಲ, ಕಂಪ್ಯೂಟರ್‌ನ ಗಡಿಯಾರ ತಾಯಿಯನ್ನ ಕಾಪಾಡ್ತು, ತಂದೆಯನ್ನ ಕೈಬಿಡ್ತು. ಎರಡೂ ಮೈಕ್ ಒಂದೇ ಮೆಷೀನಿಗೆ ಹಾಕಿದ್ರೆ ಮ್ಯಾಕ್‌ನಲ್ಲಿ ಆಡಿಯೋ ಮಿಡಿ ಸೆಟಪ್‌ಗೆ ಹೋಗಿ ಎರಡನ್ನ ಸೇರಿಸಿ ಒಂದೇ ಡಿವೈಸ್ ಮಾಡಿ ಡ್ರಿಫ್ಟ್ ಕರೆಕ್ಷನ್ ಟಿಕ್ ಮಾಡ್ಬಹುದು, ಪೈಪ್‌ವೈರ್ ಹೇಳ್ದೆನೇ ಒಂದಕ್ಕೆ ತಕ್ಕಂತೆ ಇನ್ನೊಂದನ್ನ ಎಳೆದು ಹೊಂದಿಸ್ಕೊಳುತ್ತೆ. ಈ ವರ್ಷ ಹಾಗೇ ಮಾಡಿದ್ವಿ, ಕೊನೇವರೆಗೂ ತಾಳ ಒಂದೇ.

ಫೋನ್ ಬಗ್ಗೆ ಎರಡು ಮಾತು. ಆಂಡ್ರಾಯ್ಡ್ ಶುರುವಿನ ವರ್ಷಗಳಲ್ಲಿ ನೂರಾರು ಮಿಲಿಸೆಕೆಂಡ್ ತಡ ಇತ್ತು, 2017ರ ಓರಿಯೋ ಆವೃತ್ತಿಯಲ್ಲಿ ಎ-ಆಡಿಯೋ ಅನ್ನೋ ಹೊಸ ಆಡಿಯೋ ದಾರಿ ಬಂದ ಮೇಲೆ ಒಳ್ಳೇ ಫೋನ್‌ಗಳಲ್ಲಿ ಬಹಳ ಸುಧಾರಿಸಿದೆ. ಈಗ ದೊಡ್ಡ ತೊಂದರೆ ಬ್ಲೂಟೂತ್. ಬ್ಲೂಟೂತ್ ಇಯರ್‌ಫೋನ್‌ನಲ್ಲಿ ಬರೀ ಕೇಳೋವಾಗ ಸದ್ದು ಚೆನ್ನಾಗಿರುತ್ತೆ, ಅದರ ಮೈಕ್ ಆನ್ ಆದ ತಕ್ಷಣ ಸಾಮಾನ್ಯವಾಗಿ ಫೋನ್ ಕಾಲ್‌ನ ದಾರಿಗೆ ಇಳಿಯುತ್ತೆ, ಸೆಕೆಂಡಿಗೆ 8,000 ಇಲ್ಲಾ 16,000 ಸ್ಯಾಂಪಲ್. 8,000 ಅಂದ್ರೆ 4,000 ಹರ್ಟ್ಸ್ ಮೇಲಿಂದು ಏನೂ ಉಳಿಯಲ್ಲ, ತಂಬೂರಿ ತಂತಿ ಕೆಳಗೆ ದಾರ ಸಿಗಿಸಿ ಹುಟ್ಟಿಸೋ ಆ ಝೇಂಕಾರದ ಮೇಲಿನ ಭಾಗ ಹೋಯ್ತು. ಆ ದಾರೀಲಿ ಇರೋವರೆಗೂ ಯಾವ ಆಪರೇಟಿಂಗ್ ಸಿಸ್ಟಮ್ಮೂ ಇದನ್ನ ಸರಿ ಮಾಡೋಕಾಗಲ್ಲ. ವೈರ್ ಇರೋ ಇಯರ್‌ಫೋನ್ ಹಾಕ್ಕೊಳ್ಳಿ ಅಂತ ಮಕ್ಕಳ ಅಪ್ಪ ಅಮ್ಮಂದಿರಿಗೆ ಮೆಸೇಜ್ ಹಾಕಿದೀನಿ.

ಒಂದನ್ನ ಮಾತ್ರ ಯಾರೂ ಗೆಲ್ಲೋಕಾಗಲ್ಲ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಹೋಗುತ್ತೆ, ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋ ಸುಮಾರು 14,000 ಕಿಲೋಮೀಟರ್, ನೇರ ದಾರಿ ಇದ್ರೂ ಹೋಗೋಕೆ 70 ಮಿಲಿಸೆಕೆಂಡ್, ಬರೋಕೆ 70. ಅಮ್ಮನೂ ಮಗೂನೂ ಒಟ್ಟಿಗೆ ಹಾಡೋದು ಆಗಲ್ಲ. ಇದನ್ನ ಅಮ್ಮಂಗೆ ಪೇಪರ್ ಮೇಲೆ ಬರೆದು ತೋರಿಸ್ದೆ. ಸ್ವಲ್ಪ ಹೊತ್ತು ನೋಡಿ, "ಹಾಗಾದ್ರೆ ಅವಳ ಮನೇಲೂ ಒಂದು ತಂಬೂರಿ ಇರ್ಲಿ, ನಮ್ಮನೇಲೂ ಇರ್ಲಿ, ಶ್ರುತಿಗೆ ತಡ ಅನ್ನೋದಿಲ್ವಲ್ಲ" ಅಂದ್ರು. ನಿಜ, ಒಂದೇ ಸಮ ಇರೋದು 70 ಮಿಲಿಸೆಕೆಂಡ್ ಮುಂಚೆ ಹೇಗಿತ್ತೋ ಈಗಲೂ ಹಾಗೇ ಇರುತ್ತೆ.

ಎಸ್‌ಪಿ ರೋಡ್‌ಗೆ ಹೋಗಿ ವೈರ್ ಇರೋ ಒಂದು ಮೈಕ್ ಮತ್ತೆ ಅದನ್ನ ಲ್ಯಾಪ್‌ಟಾಪಿಗೆ ಸೇರಿಸೋ ಚಿಕ್ಕ ಪೆಟ್ಟಿಗೆ, ಅಂದ್ರೆ ಆಡಿಯೋ ಇಂಟರ್‌ಫೇಸ್ ತಂದೆ. ನಮ್ಮ ಹಳೇ ಮನೆ ಪ್ಲಗ್‌ನಲ್ಲಿ ಅರ್ಥಿಂಗ್ ಸರಿ ಇಲ್ದೆ 50 ಹರ್ಟ್ಸ್ ಗುಂಯ್ ಅನ್ನೋದು ಬರ್ತಿತ್ತು, ಚಾರ್ಜರ್ ತೆಗೆದು ಬ್ಯಾಟರಿ ಮೇಲೆ ಪಾಠ ಮಾಡ್ತಾರೆ. ಅಮ್ಮನ ಲ್ಯಾಪ್‌ಟಾಪಲ್ಲಿ ವಿಂಡೋಸ್ಸೇ ಇದೆ, ಅವರಿಗೆ ಅಭ್ಯಾಸ ಇರೋದು ಅದು, ಬದಲಾಯಿಸೋಕೆ ನಾನು ಹೋಗಿಲ್ಲ. ಎನ್‌ಹಾನ್ಸ್‌ಮೆಂಟ್ ಆಫ್, 80% ಆಫ್, ಕಾಲ್ ಆಪ್‌ನಲ್ಲಿ ಸಂಗೀತಕ್ಕೆ ಅಂತ ಇರೋ ಆಯ್ಕೆ ಆನ್. ಮೊನ್ನೆ ಶನಿವಾರ ಪಾಠ ಶುರುವಾಗೋ ಮುಂಚೆ ಅಮ್ಮ ಹಾಡ್ಲಿಲ್ಲ, ಪೆಟ್ಟಿಗೆ ಆನ್ ಮಾಡಿ ಸುಮ್ನೆ ಕೂತ್ರು. ಆ ಕಡೆ ಮಗು ಫೋನ್‌ನಲ್ಲಿದ್ದ ತನ್ನ ತಂಬೂರಿ ಆಪ್‌ನ ಐದು ಮನೆಗೆ ಹೊಂದಿಸ್ತಿತ್ತು, ಮೊದಲು ನಾಲ್ಕೂವರೆ ಒತ್ತಿ, ಇಲ್ಲ ಅಂತ ತಾನೇ ತಲೆ ಆಡಿಸಿ, ಮತ್ತೆ ಒತ್ತಿ, ನಿಲ್ಲಿಸ್ತು.

"ಸೇರ್ತಾ ಪುಟ್ಟಿ?"

"ಒಂದ್ನಿಮಿಷ ಅಜ್ಜಿ, ನಿಮ್ದು ಇನ್ನೂ ಕೇಳಿಸ್ಕೊಳ್ತಿದೀನಿ."